ಸ್ಟೇರಿಂಗಿಗೆ ಕಟ್ಟಿದ ಅರಿವೆ

ನಮ್ಮ ಹೊಲದಲ್ಲಿ ಮರವಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಹುಟ್ಟಿದ್ದು ಅದರಿಂದಲೇ. ಕಾಲುವೆ ನೀರು ಬಂದ ಹೊಸದರಲ್ಲಿ, ಒಂದು ಗೇಣು ನೆಲವೂ ಖಾಲಿ ಬಿಡಬಾರದೆಂಬ ಹುರುಪಿನಲ್ಲಿ ನನ್ನ ಮಾವ ಬದುವಿನ ಮೇಲಿದ್ದ ಬೇವು, ಜಾಲಿ ಎಲ್ಲವನ್ನೂ ಕಡಿಸಿದ್ದರು. ನಾನು ಸುರಪುರದಿಂದ ಸೊಸೆಯಾಗಿ ಬಂದಾಗ ಗಂಡ ಹೊಲ ತೋರಿಸಲು ಕರೆದುಕೊಂಡು ಹೋಗಿ, ಪಕ್ಕದ ಊರು ಸಗರದ ದಿಕ್ಕಿಗೆ ಕೈಚಾಚಿ, ಇದೆಲ್ಲ ನಮ್ಮದೇ ಎಂದಿದ್ದರು. ಕೂಡಲು ನೆರಳೆಲ್ಲಿದೆ ಎಂದು ನಾನು ಕೇಳಿದೆ. ಹೊಲಕ್ಕೆ ಕೂಡಲು ಬರುತ್ತಾರೇನು ಎಂದು ಅವರು ಸಿಟ್ಟಾದರು. ನಮ್ಮ ಮೊದಲ ಜಗಳ ಅದು, ಇವತ್ತಿಗೂ ನಡೆದಿದೆ.

ಹತ್ತಿ ಬಿಡಿಸುವ ದಿನಗಳಲ್ಲಿ ಆ ಬಯಲಿನಲ್ಲಿ ನೆರಳು ಸಿಗುವುದು ಒಂದೇ ಕಡೆ, ಹತ್ತಿ ತುಂಬಲು ತಂದು ನಿಲ್ಲಿಸಿದ ಟ್ರ್ಯಾಕ್ಟರಿನ ಟ್ರಾಲಿಯ ಕೆಳಗೆ. ಹೊರಗಿನಿಂದ ಹತ್ತಿ ಬಿಡಿಸಲು ಬಂದ ಹೆಂಗಸರು ತಮ್ಮ ಕೂಸುಗಳನ್ನು ಅಲ್ಲೇ ಮಲಗಿಸುತ್ತಾರೆ. ನೆಲದ ಮೇಲೆ ಮಲಗಿಸಿದರೆ ಇರುವೆ, ಚೇಳು. ಆದ್ದರಿಂದ ಹಳೆ ಸೀರೆಯ ಎರಡು ತುದಿಗಳನ್ನು ಟ್ರಾಲಿಯ ಅಡಿಯ ಕಬ್ಬಿಣದ ಪಟ್ಟಿಗೆ ಬಿಗಿದು ಜೋಳಿಗೆ ಮಾಡುತ್ತಾರೆ. ಎರಡು ಗಾಲಿಗಳ ನಡುವೆ ಕೂಸು ತೂಗುತ್ತಿರುತ್ತದೆ, ಮೇಲೆ ಹತ್ತಿ ತುಂಬುತ್ತಿರುತ್ತದೆ.

ಹಾಗೆ ಜೋಳಿಗೆ ಕಟ್ಟಿದ ತಾಯಿ ಇನ್ನೊಂದು ಕೆಲಸ ಮಾಡಲೇಬೇಕು. ಒಂದು ತುಂಡು ಅರಿವೆ ತಂದು ಟ್ರ್ಯಾಕ್ಟರಿನ ಸ್ಟೇರಿಂಗಿಗೆ ಗಂಟು ಹಾಕಬೇಕು. ಸ್ಟೇರಿಂಗಿನ ಮೇಲೆ ಅರಿವೆ ಇದೆಯೆಂದರೆ ಕೆಳಗೆ ಕೂಸಿದೆ ಎಂದರ್ಥ. ಡ್ರೈವರ್ ಹತ್ತುವುದಿಲ್ಲ, ಕೀಲಿ ತಿರುಗಿಸುವುದಿಲ್ಲ. ಕಟ್ಟಿದವಳೇ ಬಂದು ಕೂಸನ್ನು ಎತ್ತಿಕೊಂಡು ಆಮೇಲೆ ಗಂಟು ಬಿಚ್ಚಬೇಕು. ಇದನ್ನು ಯಾರು ಯಾವಾಗ ಶುರು ಮಾಡಿದರೋ ಗೊತ್ತಿಲ್ಲ, ನಮ್ಮ ಸುತ್ತಿನ ಹೊಲಗಳಲ್ಲಿ ಎಲ್ಲರೂ ಪಾಲಿಸುತ್ತಾರೆ. ಮೊದಲ ವರ್ಷ ಅದನ್ನು ನೋಡಿ ನಾನೂ ಮೆಚ್ಚಿಕೊಂಡಿದ್ದೆ. ಎಷ್ಟು ಸರಳ, ಎಷ್ಟು ಚೆಂದ ಎಂದು ತವರಿಗೆ ಹೋದಾಗ ಹೇಳಿಕೊಂಡಿದ್ದೂ ಇದೆ.

ನಮ್ಮ ಮನೆಗೆ ಬರುವ ಗುಂಪು ಗುರುಮಠಕಲ್ ದಾಟಿ ರಾಜ್ಯದ ಗಡಿಯ ಹತ್ತಿರದ ಊರುಗಳದು. ಅರ್ಧ ಮಂದಿ ಗಡಿಯ ಈ ಕಡೆಯವರು, ಅರ್ಧ ಮಂದಿ ಆ ಕಡೆಯವರು. ದೀಪಾವಳಿ ಮುಗಿದ ಮೇಲೆ ಒಂದು ಗೂಡ್ಸ್ ಗಾಡಿಯಲ್ಲಿ ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳ ಸಮೇತ ಬಂದಿಳಿಯುತ್ತಾರೆ. ಅವರಿಗೆ ಉಳಿಯಲು ನಾವು ಕೊಡುವುದು ಹೊಲದ ಬದಿಯ ತಗಡಿನ ಶೆಡ್ಡು. ಗೊಬ್ಬರದ ಚೀಲ, ಬೆಳೆಗೆ ಎಣ್ಣೆ ಹೊಡೆಯುವ ಪಂಪು, ಕೀಟನಾಶಕ ಔಷಧಿಯ ಡಬ್ಬಿಗಳನ್ನು ಒಂದು ಮೂಲೆಗೆ ಸರಿಸಿ ಉಳಿದ ಜಾಗದಲ್ಲಿ ಅವರ ಸಂಸಾರ. ಕಕ್ಕಸು ಇಲ್ಲ. ಹೆಂಗಸರು ಬೆಳಕು ಹರಿಯುವ ಮೊದಲು ಹತ್ತಿ ಸಾಲಿನೊಳಗೆ ಹೋಗಿ ಬರಬೇಕು, ಅದೇ ಸಾಲಿನಲ್ಲಿ ಆಮೇಲೆ ಹತ್ತಿ ಬಿಡಿಸಬೇಕು. ನಾನು ಈ ಮಾತು ಎತ್ತಿದಾಗಲೆಲ್ಲ ನಮ್ಮನೆಯವರು ಒಂದೇ ಉತ್ತರ ಕೊಡುತ್ತಿದ್ದರು. ಮೂರ್ನಾಲ್ಕು ತಿಂಗಳ ಕೆಲಸಕ್ಕೆ ಮಹಲು ಕಟ್ಟಿಸಲೇನು? ಊರಿನಲ್ಲಿ ಯಾರು ಕಟ್ಟಿಸಿದ್ದಾರೆ ತೋರಿಸು. ತೋರಿಸಲು ನನ್ನ ಹತ್ತಿರ ಯಾರೂ ಇರಲಿಲ್ಲ.

ನನ್ನ ಅತ್ತೆ ಬೇರೆ ಥರದ ಹೆಂಗಸು. ಗುಂಪು ಬಂದಿಳಿದ ಮರುದಿನ ಬೆಳಿಗ್ಗೆ ಅದರಲ್ಲಿನ ಹೆಂಗಸರನ್ನೆಲ್ಲ ಮನೆಗೆ ಕರೆಸಿ, ಪಡಸಾಲೆಯಲ್ಲಿ ಕೂಡಿಸಿ, ಅರಿಶಿನ ಕುಂಕುಮ ಹಚ್ಚಿ, ಒಬ್ಬೊಬ್ಬರಿಗೂ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ. ನಮ್ಮ ಕಡೆ ಮಗಳು ತವರಿನಿಂದ ಹೊರಡುವಾಗ ಮಾಡುವುದು ಇದನ್ನೇ. ಯಾವ ಸೆರಗಿನಲ್ಲಿ ಅಕ್ಕಿ ತುಂಬಿಸಿಕೊಂಡರೋ ಅದೇ ಸೆರಗನ್ನು ಸೊಂಟಕ್ಕೆ ಕಟ್ಟಿಕೊಂಡು ಆ ಹೆಂಗಸರು ಹತ್ತಿ ತುಂಬುತ್ತಿದ್ದರು. ಅತ್ತೆ ಅವರನ್ನು ಮಗಳೇ ಎಂದೇ ಕರೆಯುತ್ತಿದ್ದರು, ಬೈಯುವುದನ್ನೂ ಮಗಳಿಗೆ ಬೈದ ಹಾಗೇ ಬೈಯುತ್ತಿದ್ದರು. ಸೊಸೆಗೆ ಈ ಭಾಗ್ಯ ಕಡಿಮೆ, ಅದು ಇರಲಿ.

ನಾನು ಹೇಳಹೊರಟಿರುವ ವರ್ಷ ಗುಂಪಿನಲ್ಲಿ ಒಬ್ಬ ಬಾಣಂತಿಯೂ ಬಂದಿದ್ದಳು. ನಾಲ್ಕೈದು ವರ್ಷದಿಂದ ಬರುತ್ತಿದ್ದವಳೇ. ತವರು ಗಡಿಯ ಆ ಕಡೆ, ಗಂಡನ ಮನೆ ಈ ಕಡೆ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಆಮೇಲೆ ಹುಟ್ಟಿ ಉಳಿದ ಹೆಣ್ಣುಕೂಸು ಅವಳದು. ಇನ್ನೂ ಬೋರಲು ಬೀಳುತ್ತಿತ್ತು ಅಷ್ಟೇ. ಇಷ್ಟು ಸಣ್ಣ ಕೂಸನ್ನು ಯಾಕೆ ತಂದೆ ಎಂದು ನಾನು ಕೇಳಿದ್ದೆ. ಮನೆಯಲ್ಲಿ ಬಿಟ್ಟು ಬರಲು ಯಾರಿದ್ದಾರೆ, ಅತ್ತೆ ಮಾವನೂ ದುಡಿಯಲು ಬಂದಿದ್ದಾರಲ್ಲ ಎಂದು ಅವಳು ನಕ್ಕಿದ್ದಳು. ನನ್ನ ಅತ್ತೆ ಆ ಕೂಸನ್ನು ಸಂಜೆ ಮನೆಗೆ ತರಿಸಿಕೊಂಡು, ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ ಎರೆಯುತ್ತಿದ್ದರು. ಕೂಸಿನ ಹೊಟ್ಟೆಗೆ ಬಾಯಿಟ್ಟು ಅವರು ಬುರ್ರೆಂದು ಸದ್ದು ಮಾಡಿದರೆ ಅದು ಬೊಚ್ಚು ಬಾಯಿ ತೆಗೆದು ನಗುತ್ತಿತ್ತು.

ಎಳ್ಳ ಅಮಾವಾಸ್ಯೆ ಬಂತು. ಅವತ್ತು ಹೊಲದಲ್ಲಿ ಹಬ್ಬ, ಹೊಲದಲ್ಲೇ ಊಟ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುಟ್ಟಿಗಳನ್ನು ಹೊತ್ತು ಬಂಧು ಬಳಗದವರೆಲ್ಲ ಬಂದಿದ್ದರು. ಹಬ್ಬದ ದಿನ ಕೆಲಸ ಇರುವುದಿಲ್ಲ. ಆದರೆ ಮೋಡ ಆಗಿತ್ತು. ಒಡೆದು ನಿಂತ ಹತ್ತಿ ತೊಯ್ದರೆ ಕಪ್ಪಾಗುತ್ತದೆ. ಮಧ್ಯಾಹ್ನದ ತನಕ ಬಿಡಿಸಿ, ಆಮೇಲೆ ಎಲ್ಲರೂ ಕೂಡಿ ಉಣ್ಣೋಣ ಎಂದು ನಮ್ಮನೆಯವರು ಹೇಳಿದರು, ಗುಂಪಿನವರು ಒಪ್ಪಿದರು. ಬಾಣಂತಿ ಎಂದಿನಂತೆ ಜೋಳಿಗೆ ಕಟ್ಟಿ, ಕೂಸಿಗೆ ಹಾಲು ಕುಡಿಸಿ ಮಲಗಿಸಿ, ಸ್ಟೇರಿಂಗಿಗೆ ಅರಿವೆ ಬಿಗಿದು ದೂರದ ಸಾಲುಗಳಿಗೆ ಹೋದಳು. ಹಳದಿ ಬಣ್ಣದ, ಅಂಚು ಹರಿದ ಅರಿವೆ. ಅವಳು ಗಂಟು ಎಳೆದು ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಆ ದಿನ ಹೊಲದ ಜೊತೆಗೆ ಟ್ರ್ಯಾಕ್ಟರಿಗೂ ಪೂಜೆ. ಅತ್ತೆ ತಂಬಿಗೆಯಲ್ಲಿ ನೀರು ತಂದು ಇಂಜಿನ್ ಮೇಲೆ ಚಿಮುಕಿಸಿದರು, ವಿಭೂತಿ ಎಳೆದರು, ಕುಂಕುಮ ಇಟ್ಟರು. ಗಾಲಿಯ ಮುಂದೆ ಲಿಂಬೆಹಣ್ಣು ಇಟ್ಟರು. ಚೆಂಡುಹೂವಿನ ಮಾಲೆಯನ್ನು ಸ್ಟೇರಿಂಗಿಗೆ ಹಾಕಲು ಮೇಲೆ ಹತ್ತಿದರು. ಅಲ್ಲಿ ಆ ಅರಿವೆ ಇತ್ತು. ನಾನು ಬದುವಿನ ಮೇಲೆ ರೊಟ್ಟಿ ಎಣಿಸುತ್ತಿದ್ದೆ, ಅತ್ತೆಯ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಅವರು ಮಾಲೆ ಹಾಕಿ ಇಳಿದು ಬಂದು ಚರಗ ಚೆಲ್ಲುವವರ ಜೊತೆ ಹೊಲ ಸುತ್ತಲು ಹೋದರು. ಅನ್ನ, ಪಲ್ಯ ಕಲಸಿದ ಬುಟ್ಟಿ ಹಿಡಿದು ಭೂತಾಯಿಗೆ ಚೆಲ್ಲುತ್ತ, ಕೂಗು ಹಾಕುತ್ತ ಎಲ್ಲರೂ ಬದುಗುಂಟ ನಡೆದರು.

ಅವರು ತಿರುಗಿ ಬರುವ ಹೊತ್ತಿಗೆ ದೊಡ್ಡ ಹನಿಗಳು ಬಿದ್ದವು. ಟ್ರಾಲಿಯಲ್ಲಿ ಅರ್ಧಕ್ಕೂ ಹೆಚ್ಚು ಹತ್ತಿ. ನಮ್ಮನೆಯವರು ಟ್ರ್ಯಾಕ್ಟರ್ ಶೆಡ್ಡಿನ ಕಡೆ ಹೊಡಿ ಎಂದು ಡ್ರೈವರನಿಗೆ ಕೂಗಿದರು. ಡ್ರೈವರ್ ನಮ್ಮೂರವನೇ, ಜವಾಬ್ದಾರಿಯ ಮನುಷ್ಯ, ವರ್ಷಗಟ್ಟಲೆ ನಮ್ಮಲ್ಲೇ ಇದ್ದವನು. ಓಡಿ ಬಂದು ಹತ್ತಿದ. ಸ್ಟೇರಿಂಗ್ ನೋಡಿದ. ಹೂವಿನ ಮಾಲೆ ಇತ್ತು, ಅರಿವೆ ಇರಲಿಲ್ಲ. ಕೀಲಿ ತಿರುಗಿಸಿದ.

ನಾನು ನೋಡಿದ್ದು ಇಂಜಿನ್ ಸದ್ದು ಕೇಳಿ. ಟ್ರಾಲಿಯ ಕೆಳಗೆ ಸೀರೆಯ ಜೋಳಿಗೆ ತೂಗುತ್ತಿತ್ತು. ನಿಲ್ಲಿಸು ಎಂದು ನಾನು ಚೀರಿದೆ. ನನ್ನ ದನಿ ನನಗೇ ಕೇಳಲಿಲ್ಲ. ರೊಟ್ಟಿ ಬುಟ್ಟಿ ಉರುಳಿಸಿಕೊಂಡು ಓಡಿದೆ. ದೂರದ ಸಾಲಿನಿಂದ ಆ ತಾಯಿಯೂ ಓಡಿ ಬರುತ್ತಿದ್ದಳು, ಉಡಿಯಲ್ಲಿನ ಹತ್ತಿ ಚೆಲ್ಲುತ್ತ, ಗಿಡಗಳ ಮೇಲೆಯೇ. ಅವಳು ಬಂದು ಮುಟ್ಟುವುದು ಸಾಧ್ಯವೇ ಇರಲಿಲ್ಲ. ಗಾಡಿ ಜಗ್ಗಿತು, ಜೋಳಿಗೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು.

ಆಗ ಅತ್ತೆ ಗಾಡಿಯ ಎದುರಿಗೆ ಬಂದು ನಿಂತರು. ಓಡಿ ಬರಲಿಲ್ಲ, ಅವರ ಮಂಡಿ ನೋವಿಗೆ ಓಟ ಎಲ್ಲಿಯದು. ಚರಗದ ಬುಟ್ಟಿ ಹಿಡಿದು ಬದುವಿನಿಂದ ಇಳಿದವರು ನೇರ ಇಂಜಿನ್ನಿನ ಮುಂದೆ ನಡೆದು ಬಂದು ನಿಂತೇಬಿಟ್ಟರು. ಡ್ರೈವರ್ ಬ್ರೇಕಿನ ಮೇಲೆ ಎದ್ದು ನಿಂತ. ಮುಂದಿನ ಬಂಪರು ಅವರ ಸೀರೆಗೆ ತಾಗಿತ್ತು. ಜೋಳಿಗೆಯ ಒಂದು ಗಂಟು ಬಿಚ್ಚಿ ಕೂಸು ಎರೆಮಣ್ಣಿನ ಮೇಲೆ ಬಿದ್ದಿತ್ತು. ಗಾಲಿಗೂ ಅದರ ತಲೆಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

ಕೂಸು ಅಳಲಿಲ್ಲ. ನಾನು ಗಾಲಿಗಳ ನಡುವೆ ತೂರಿ ಅದನ್ನು ಎಳೆದುಕೊಂಡೆ. ಬಾಯಿ, ಮೂಗಿನ ತುಂಬ ಮಣ್ಣು. ಬೆರಳು ಹಾಕಿ ತೆಗೆದೆ, ಬೆನ್ನು ತಟ್ಟಿದೆ. ಆಮೇಲೆ ಅದು ಹೊಲವೆಲ್ಲ ಕೇಳುವಂತೆ ಅತ್ತಿತು. ತಾಯಿ ನನ್ನ ಕೈಯಿಂದ ಕಸಿದುಕೊಂಡು, ಮಳೆಯಲ್ಲೇ ನೆಲದ ಮೇಲೆ ಕೂತು, ಮೊಲೆಗೆ ಹಚ್ಚಿದಳು. ಹಣೆಯ ಮೇಲೆ ತರಚಿದ ಗಾಯ ಒಂದೇ. ಡ್ರೈವರ್ ಗಾಡಿಯಿಂದ ಇಳಿದು ಬದುವಿನ ಮೇಲೆ ಕೂತು ಮಕ್ಕಳ ಹಾಗೆ ಅಳುತ್ತಿದ್ದ. ಅರಿವೆ ಇರಲಿಲ್ಲ ಅಕ್ಕಾರ ಎಂದು ನನಗೆ ಹೇಳುತ್ತಲೇ ಇದ್ದ.

ಅರಿವೆ ಎಲ್ಲಿ ಹೋಯಿತೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅದು ಪೂಜೆಯ ತಟ್ಟೆಯ ಪಕ್ಕದಲ್ಲಿ, ಒಡೆದ ಕಾಯಿಯ ಜುಟ್ಟಿನ ಜೊತೆ ಬಿದ್ದಿತ್ತು. ದೇವರೆಂದು ಪೂಜೆ ಮಾಡಿದ ಗಾಡಿಯ ಮೇಲೆ ಹರಕು ಅರಿವೆ ಇರಬಾರದೆಂದು ಅತ್ತೆ ಬಿಚ್ಚಿ ಹಾಕಿದ್ದರು. ಅದರ ಅರ್ಥ ಅವರಿಗೆ ಗೊತ್ತಿಲ್ಲದ್ದೇನಲ್ಲ. ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಗಳಿಗೆಯಲ್ಲಿ ಅವರ ಕಣ್ಣಿಗೆ ಅದು ಬರೀ ಮೈಲಿಗೆಯಾಗಿ ಕಂಡಿತ್ತು. ಬಾಣಂತಿ ಅದನ್ನು ನೋಡಿದಳು, ಅತ್ತೆಯನ್ನೂ ನೋಡಿದಳು. ಆಮೇಲೆ ತಲೆ ತಗ್ಗಿಸಿ ಕೂಸಿನ ಹಣೆ ಒರೆಸಿದಳು. ಮಳೆ ನಿಂತ ಮೇಲೆ ನಾವೆಲ್ಲ ಊಟಕ್ಕೆ ಕೂತೆವು. ಅತ್ತೆ ತುತ್ತು ಮುಟ್ಟಲಿಲ್ಲ.

ಇದಾಗಿ ಕೆಲವು ವಾರಗಳಿಗೆ ಊರಿನಲ್ಲಿ ಸುದ್ದಿಯೊಂದು ಓಡಾಡಿತು. ಹೊಲದ ಕೆಲಸಕ್ಕೆಂದು ಊರು ಬಿಟ್ಟು ಬರುವವರಿಗಾಗಿ ಸರ್ಕಾರ ಒಂದು ಕಾಯ್ದೆ ಮಾಡಲು ಹೊರಟಿದೆ, ಅದರ ಬಗ್ಗೆ ರೈತರ, ಕೂಲಿಯವರ ಅಭಿಪ್ರಾಯ ಕೇಳಲು ಯಾದಗಿರಿಗೆ ಒಂದು ಸಮಿತಿ ಬರುತ್ತದೆ ಎಂದು. ಇರಲು ಗಟ್ಟಿ ಸೂರು, ಕುಡಿಯಲು ಶುದ್ಧ ನೀರು, ಹೆಂಗಸರಿಗೆ ಕಕ್ಕಸು, ಮಕ್ಕಳನ್ನು ನೋಡಿಕೊಳ್ಳಲು ಒಂದು ಜಾಗ ಮತ್ತು ಒಬ್ಬ ಆಯಾ. ಇವೆಲ್ಲ ಕಡ್ಡಾಯ ಆಗುತ್ತವಂತೆ. ಹೋಟೆಲಿನ ಕಟ್ಟೆಯ ಮೇಲೆ ಬೆಂಕಿ ಬಿದ್ದ ಹಾಗಾಯಿತು. ನಮ್ಮ ಹೊಲದಲ್ಲಿ ನಡೆದದ್ದು ಅಷ್ಟರೊಳಗೆ ಎಲ್ಲರಿಗೂ ಗೊತ್ತಾಗಿತ್ತು, ಆದ್ದರಿಂದ ಎಲ್ಲರ ಕಣ್ಣೂ ನಮ್ಮ ಮನೆಯ ಮೇಲೆ. ಊರಿನ ದೊಡ್ಡ ರೈತರು ಬಂದು ಪಡಸಾಲೆಯಲ್ಲಿ ಕೂತು, ನನ್ನ ಕೈಯ ಚಹಾ ಕುಡಿಯುತ್ತ, ನಮ್ಮನೆಯವರಿಗೆ ಬುದ್ಧಿ ಹೇಳಿದರು. ನೀನೇ ಮಾತಾಡಬೇಕು. ನಮ್ಮಲ್ಲಿ ಕೂಲಿಯವರು ಮನೆ ಮಕ್ಕಳಿದ್ದ ಹಾಗೆ ಎನ್ನಬೇಕು. ಆ ಹೆಣ್ಣುಮಗಳನ್ನೂ ಕರೆದುಕೊಂಡು ಬಾ, ಅವಳ ಬಾಯಿಂದಲೇ ಹೇಳಿಸು. ಕೂಲಿಯವರನ್ನು ಒಟ್ಟುಮಾಡಿ ಕರೆತರುವ ಗುಂಪಿನ ಮೇಸ್ತ್ರಿ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಅವಳಿಗೆ ನಾನು ಹೇಳುತ್ತೇನೆ, ಏನಾದರೂ ಹೆಚ್ಚುಕಡಿಮೆ ಮಾತಾಡಿದರೆ ಮುಂದಿನ ವರ್ಷ ಗಾಡಿ ಹತ್ತಿಸುವುದಿಲ್ಲ ಎಂದ. ಗಾಡಿ ಹತ್ತದಿದ್ದರೆ ಆ ಮನೆಯವರು ತಿನ್ನುವುದೇನೆಂದು ಅವನಿಗೂ ಗೊತ್ತು.

ನನಗೆ ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ನಮ್ಮನೆಯವರನ್ನು ಹಿಡಿದೆ. ಸತ್ಯ ಹೇಳಲು ನಿಮಗೇನು ಕಷ್ಟ ಎಂದೆ. ಅವರು, ನಾನು ಎದ್ದು ನಿಂತು ಕಾಯ್ದೆ ಬೇಕು ಎಂದರೆ ನಾಳೆ ನಮ್ಮ ಹೊಲಕ್ಕೆ ಈ ಊರಿನವರು ನೀರು ಬಿಡುತ್ತಾರಾ ಎಂದು ಕೇಳಿದರು. ಅದೂ ಸುಳ್ಳಲ್ಲ. ನಮ್ಮದು ಕಾಲುವೆಯ ಕೊನೆಯ ಹೊಲ, ಮೇಲಿನವರ ಮರ್ಜಿಯಲ್ಲಿಯೇ ನಮ್ಮ ಬೆಳೆ. ಅವರ ಹೆದರಿಕೆ ನನಗೆ ಅರ್ಥವಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಮರುದಿನ ಶೆಡ್ಡಿಗೆ ಹೋದೆ. ಬಾಣಂತಿ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಕೂಸು ಬೆನ್ನಿಗಿತ್ತು. ಆ ದಿನದಿಂದ ಅವಳು ಅದನ್ನು ಬೆನ್ನಿಗೇ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಳು. ಬಿಸಿಲಿಗೆ ಅದರ ಮುಖ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಯಾದಗಿರಿಯಲ್ಲಿ ನಡೆದದ್ದನ್ನು ಹೇಳುತ್ತೀಯಾ ಎಂದು ಕೇಳಿದೆ. ಮೇಸ್ತ್ರಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದೂ ಸೇರಿಸಿದೆ, ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಅವಳು ರೊಟ್ಟಿ ಮಗುಚಿ ಹಾಕಿದಳು. "ಮೇಸ್ತ್ರಿ ಮಾತ ಬಿಡ್ರಿ ಅಕ್ಕಾರ. ನಾ ಅವ್ವಾರ ಕೈಲೆ ಉಡಿ ತುಂಬಿಸ್ಕೊಂಡೀನಿ. ಉಡಿ ತುಂಬಿದ ಮನಿ ಮ್ಯಾಲ ನಾಕ ಮಂದ್ಯಾಗ ನಿಂತು ಹೆಂಗ ಹೇಳ್ಲಿ?"

ನಾವು ಪ್ರೀತಿ ಎಂದುಕೊಂಡು ಮಾಡಿದ್ದು ಅವಳ ಬಾಯಿಗೆ ಬೀಗ ಹಾಕಿತ್ತು. ಅತ್ತೆ ಅದನ್ನು ಬೇಕೆಂದು ಮಾಡಿರಲಿಲ್ಲ, ಆದರೂ ಬೀಗ ಬೀಗವೇ. ಮನೆಗೆ ಬಂದು ಅವಳ ಮಾತನ್ನು ಅತ್ತೆಗೆ ಹೇಳಿದೆ. ಸ್ವಲ್ಪ ಖಾರವಾಗಿಯೇ ಹೇಳಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡು, ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. ಯಾದಗಿರಿಗೆ ಹೊರಡುವ ದಿನ ಬೆಳಿಗ್ಗೆ ಮಾತ್ರ ಇಳಕಲ್ ಸೀರೆ ಉಟ್ಟು ಜೀಪಿನ ಹತ್ತಿರ ಬಂದು ನಿಂತರು. ತನ್ನ ಕಣ್ಣು ಮಂಜಾಗಿದೆ, ದವಾಖಾನೆಗೆ ತೋರಿಸಬೇಕು ಎಂದರು. ಸೂಜಿಗೆ ದಾರ ಪೋಣಿಸುವ ಕಣ್ಣು ಅವರದು. ನಮ್ಮನೆಯವರಿಗೆ ಅನುಮಾನ ಬಂದಿರಬೇಕು, ಆದರೆ ತಾಯಿಯನ್ನು ಇಳಿ ಎನ್ನುವ ಧೈರ್ಯ ಅವರಿಗೆ ಹುಟ್ಟಿನಿಂದಲೂ ಇಲ್ಲ.

ಸಭೆ ಒಂದು ದೊಡ್ಡ ಸಭಾಂಗಣದಲ್ಲಿ. ಮುಂದೆ ಬಟ್ಟೆ ಹೊದಿಸಿದ ಮೇಜಿನ ಹಿಂದೆ ಸಮಿತಿಯವರು. ಅವರಲ್ಲಿ ಒಬ್ಬರು ಹೆಂಗಸು, ಕನ್ನಡಕ ಹಾಕಿದವರು. ರೈತರು ಕುರ್ಚಿಗಳ ಮೇಲೆ, ಕೂಲಿಯವರು ಹಿಂದೆ ಗೋಡೆಗುಂಟ. ಕೂಲಿಯವರಿಗೂ ಕುರ್ಚಿ ಇದ್ದವು, ಅವರು ಕೂತಿರಲಿಲ್ಲ. ಬಾಣಂತಿಯ ಎರಡೂ ಕಡೆ ನಮ್ಮೂರಿನವರು ನಿಂತಿದ್ದರು, ಮೇಸ್ತ್ರಿ ಅವಳ ಹಿಂದೆ. ನಾನು, ಅತ್ತೆ ಹೆಂಗಸರ ಸಾಲಿನಲ್ಲಿ ಕೂತೆವು.

ಒಬ್ಬರಾದ ಮೇಲೆ ಒಬ್ಬರು ಎದ್ದು ಅದನ್ನೇ ಹೇಳಿದರು. ನಮ್ಮಲ್ಲಿ ಯಾವ ತೊಂದರೆಯೂ ಇಲ್ಲ, ಕಾಯ್ದೆ ಬಂದರೆ ಅಧಿಕಾರಿಗಳ ಕಾಟ ಶುರುವಾಗುತ್ತದೆ, ಸಣ್ಣ ರೈತ ಸಾಯುತ್ತಾನೆ. ಕೊನೆಯ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕನ್ನಡಕದವರು ಅದನ್ನು ಒಪ್ಪಿಕೊಂಡರು. ಒಬ್ಬೊಬ್ಬ ರೈತನೂ ಕಟ್ಟಿಸಬೇಕಾಗಿಲ್ಲ, ಪಂಚಾಯಿತಿಯಿಂದ ಊರಿಗೊಂದು ವಸತಿ ಕಟ್ಟಿಸುವ ಯೋಚನೆಯೂ ಕರಡಿನಲ್ಲಿದೆ ಎಂದರು. ಅದನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ನಮ್ಮನೆಯವರ ಸರದಿ ಬಂತು. ಅವರು ಎದ್ದು ನಿಂತರು, ಸ್ಟೇರಿಂಗಿಗೆ ಅರಿವೆ ಕಟ್ಟುವ ಪದ್ಧತಿಯನ್ನು ವಿವರಿಸಿದರು. ಹಿರಿಯರ ಕಾಲದಿಂದ ನಮ್ಮಲ್ಲಿ ಇದು ಇದೆ, ಒಂದು ಕೂಸಿಗೂ ಇವತ್ತಿನ ತನಕ ಜೀವಕ್ಕೆ ಅಪಾಯ ಆಗಿಲ್ಲ ಎಂದರು. ಅವರ ಕಿವಿ ಕೆಂಪಾಗಿದ್ದವು. ನಾನು ಅವರ ಮುಖ ನೋಡಲಿಲ್ಲ.

ಕನ್ನಡಕದವರು ಬಾಣಂತಿಯನ್ನು ಮುಂದೆ ಕರೆದರು. ಯಾವ ಊರು ಎಂದು ಕೇಳಿದರು. ತವರು ಆ ಕಡೆ, ಗಂಡನ ಮನೆ ಈ ಕಡೆ ಎಂದಳು. ಪಕ್ಕದಲ್ಲಿದ್ದ ಒಬ್ಬ ಅಧಿಕಾರಿ ಬಗ್ಗಿ, ಹಾಗಾದರೆ ಈಗಿರುವ ಕಾಯ್ದೆಯಲ್ಲಿ ಇವಳು ಬರುವುದಿಲ್ಲ, ರಾಜ್ಯದ ಗಡಿ ದಾಟಿ ಬಂದವರಷ್ಟೇ ಅದರಲ್ಲಿ ವಲಸೆಯವರು ಎಂದು ತಿಳಿಸಿದ. ಅಂದರೆ ಗುಂಪಿನಲ್ಲಿ ಒಂದೇ ಶೆಡ್ಡಿನಲ್ಲಿ ಮಲಗುವ ಅರ್ಧ ಮಂದಿ ವಲಸೆಯವರು, ಅರ್ಧ ಮಂದಿ ಅಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕೂಸಿನ ಹಣೆಯ ಮೇಲಿನ ಕಲೆ ಏನು ಎಂದು ಕನ್ನಡಕದವರು ಕೇಳಿದರು. ಅವಳು ನಮ್ಮ ಕಡೆ ತಿರುಗಲಿಲ್ಲ. ಬಿದ್ದಿತ್ತು, ಈಗ ಆರಾಮ ಇದೆ, ನಮ್ಮ ಸಾಹುಕಾರರ ಮನೆಯಲ್ಲಿ ಎಲ್ಲ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದಳು. ಮೇಸ್ತ್ರಿ ಕಲಿಸಿದ ಮಾತಿಗೆ ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ನಮ್ಮೂರಿನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು. ಅತ್ತೆ ಎದ್ದಿದ್ದರು. ನಮ್ಮನೆಯವರು ದೂರದಿಂದಲೇ ಕೂಡು ಎಂದು ಕೈಸನ್ನೆ ಮಾಡಿದರು. ಅತ್ತೆ ಅದನ್ನು ಕಂಡರು, ಅವರ ಕಣ್ಣು ಮಂಜಾಗಿರಲಿಲ್ಲವಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತು ಮಾತಾಡಿದರು.

"ಬಿದ್ದಿಲ್ರಿ ಆ ಕೂಸು. ಬೀಳಿಸೀವಿ. ಅರಿವಿ ಕಟ್ಟಿದ್ದಳು ಈಕಿ, ಬಿಚ್ಚಿದಾಕಿ ನಾನು. ಪೂಜಿ ಮಾಡಿದ ಗಾಡಿಗಿ ಹರಕ ಅರಿವಿ ಯಾಕಂತ ಬಿಚ್ಚೀನಿ."

ಯಾರೋ ಹಿಂದಿನಿಂದ ಮುದುಕಿಗೆ ಅರುಳುಮರುಳು ಎಂದರು. ಅತ್ತೆ ಆ ಕಡೆ ತಿರುಗಲಿಲ್ಲ.

"ನಾ ಕೆಟ್ಟಾಕಿ ಅಲ್ರಿ. ಈಕಿಗಿ ಉಡಿ ತುಂಬೀನಿ, ಈಕಿ ಕೂಸಿಗಿ ಇದ ಕೈಲೆ ಎಣ್ಣಿ ಹಚ್ಚಿ ಎರದೀನಿ. ಇದ ಕೈಲೆ ಬಿಚ್ಚೀನಿ. ನಮ್ಮ ಚೊಲೊತನದ ಮ್ಯಾಲ ಇವರ ಕೂಸಿನ ಜೀವ ಬಿಡಬ್ಯಾಡ್ರಿ."

ಆಮೇಲೆ ಬಾಣಂತಿಯ ಕಡೆ ತಿರುಗಿ, "ಹೇಳವ್ವ ಮಗಳ. ಉಡಿ ತುಂಬಿದಾಕಿ ನಾನ ಹೇಳಾಕತ್ತೀನಿ, ಹೇಳು" ಎಂದರು.

ಅವಳು ಕೂಸನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡಳು. ಮೇಸ್ತ್ರಿ ಕೆಮ್ಮಿದ. ನಾನು ನನ್ನ ಅತ್ತೆಯ ಕೈ ಹಿಡಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನಾಗಿ ಹಿಡಿದದ್ದು ಅದೇ ಮೊದಲು.

"ಕಟ್ಟಾಕಿ ನಾನೊಬ್ಬಾಕಿರಿ. ಬಿಚ್ಚಬೇಕಂದ್ರ ಯಾರ ಬೇಕಾದ್ರ ಬಿಚ್ಚತಾರ" ಎಂದಳು ಅವಳು, ನೆಲ ನೋಡುತ್ತ. "ನನಗ ಮಹಲ ಬ್ಯಾಡ್ರಿ. ನನ್ನ ಕೂಸಿಗಿ ಗಾಲಿ ಇಲ್ಲದ ನೆಳ್ಳು ಬೇಕ್ರಿ."

ಕನ್ನಡಕದವರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಆಮೇಲೆ ಇನ್ನೊಮ್ಮೆ ಹೇಳಮ್ಮ ಎಂದರು. ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಮುಖ ಎತ್ತಿ. ಗೋಡೆಗುಂಟ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಕುರ್ಚಿ ಎಳೆದುಕೊಂಡು ಕೂತಳು. ಅವಳನ್ನು ನೋಡಿ ಉಳಿದವರೂ ಕೂತರು.

ತಿರುಗಿ ಬರುವಾಗ, ಊರು ಹತ್ತಿರವಾದ ಮೇಲೆ, ಜೀಪಿನಲ್ಲಿ ನಮ್ಮನೆಯವರು ತಾಯಿಗೆ, ಕಣ್ಣು ತೋರಿಸಲೇ ಇಲ್ಲವಲ್ಲ ಎಂದರು. ತೋರಿಸಿದೆನಲ್ಲಪ್ಪ ಎಂದರು ಅತ್ತೆ. ಅದು ಕುಚೋದ್ಯವೋ, ನಿಜವಾಗಿ ಅಂದದ್ದೋ ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ಆಗಬೇಕಾದದ್ದು ಆಯಿತು. ಹೋಟೆಲಿನ ಕಟ್ಟೆಯಲ್ಲಿ ನಮ್ಮನೆಯವರಿಗೆ ಜಾಗ ಬಿಡುವವರಿರಲಿಲ್ಲ. ನೀರು ಒಂದೆರಡು ಸರದಿ ತಪ್ಪಿತು, ಹೋಗಿ ಜಗಳವಾಡಿ ಬಿಡಿಸಿಕೊಂಡು ಬಂದದ್ದು ನಾನು. ಮೇಸ್ತ್ರಿ ಮುಂದಿನ ವರ್ಷ ಬಾಣಂತಿಯ ಮನೆಯವರನ್ನು ಗಾಡಿ ಹತ್ತಿಸಲಿಲ್ಲ. ಅವರು ಬಸ್ಸು ಹಿಡಿದು, ಯಾದಗಿರಿಯಲ್ಲಿ ಬದಲಿಸಿ, ಶಹಾಪುರದಲ್ಲಿ ಇಳಿದು, ಗಂಟುಮೂಟೆ ಹೊತ್ತು ನಡೆದೇ ಬಂದರು. ನಮ್ಮನೆಯವರು ಯಾರಿಗೂ ಹೇಳದೆ ಶೆಡ್ಡಿನ ಹಿಂದೆ ಒಂದು ಕಕ್ಕಸು ಕಟ್ಟಿಸಿದ್ದರು, ಔಷಧಿಯ ಡಬ್ಬಿಗಳನ್ನು ಬೇರೆ ಕಡೆ ಸಾಗಿಸಿದ್ದರು. ಬದುವಿನ ಮೇಲೆ ಬೇವಿನ ಸಸಿ ನೆಟ್ಟಿದ್ದರು. ನಮ್ಮ ಮೊದಲ ಜಗಳದಲ್ಲಿ ಅದು ನನ್ನ ಗೆಲುವು ಎಂದು ನಾನು ಛೇಡಿಸಿದೆ. ಆಡು ತಿಂದು ಉಳಿದರೆ ನೋಡೋಣ ಎಂದರು. ಸಸಿ ಈಗಲೂ ನನ್ನ ಮಂಡಿಯ ಎತ್ತರ ಇದೆ, ಅದರ ನೆರಳಿನಲ್ಲಿ ಒಂದು ಕೋಳಿಯೂ ಕೂಡಲಾರದು.

ಕಾಯ್ದೆಯ ಸುದ್ದಿ ಬರಲಿಲ್ಲ. ಕರಡು ಬೆಂಗಳೂರಿಗೆ ಹೋಗಿದೆ ಎಂದರು, ಚರ್ಚೆಯಲ್ಲಿದೆ ಎಂದರು. ಪೇಪರು ಬಂದ ಕೂಡಲೇ ಅತ್ತೆ ನನ್ನಿಂದ ಓದಿಸುತ್ತಿದ್ದರು. ಬಂತೇನು ಎಂದು ಕೇಳುತ್ತಿದ್ದರು, ಇಲ್ಲ ಎನ್ನುತ್ತಿದ್ದೆ. ಹತ್ತಿ ಬಿಡಿಸುವ ದಿನಗಳಲ್ಲಿ ಅವರು ತಾವೇ ಒಂದು ಉಪಾಯ ಹೂಡಿದರು. ಹೊಲಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಒಯ್ದು, ಟ್ರ್ಯಾಕ್ಟರಿನ ಪಕ್ಕ ಹಾಕಿಕೊಂಡು, ಅದರ ಕೀಲಿಯನ್ನು ಎಲೆ ಅಡಿಕೆಯ ಚೀಲದಲ್ಲಿಟ್ಟು ಸೊಂಟಕ್ಕೆ ಸಿಗಿಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ದಿನವಿಡೀ ಕೂಡುತ್ತಿದ್ದರು. ಡ್ರೈವರ್ ಕೀಲಿ ಬೇಕೆಂದರೆ ಮೊದಲು ಬಗ್ಗಿ ಟ್ರಾಲಿಯ ಕೆಳಗೆ ನೋಡಿ ಬರಬೇಕು, ಆಮೇಲೆ ಅತ್ತೆಯೂ ಬಗ್ಗಿ ನೋಡಬೇಕು. ಹಣೆಗೆ ಗಾಯವಾಗಿದ್ದ ಕೂಸು ಆಗ ನಡೆಯಲು ಕಲಿತಿತ್ತು. ಜೋಳಿಗೆಯಲ್ಲಿ ಬೇರೆ ಯಾರದೋ ಕೂಸು. ಎಷ್ಟು ವರ್ಷ ಹೀಗೆ ಕೂಡುತ್ತೀರಿ ಎಂದು ನಾನು ಒಮ್ಮೆ ಕೇಳಿದ್ದೆ. ಅದನ್ನೇ ಅಲ್ಲವಾ ನಾನು ಯಾದಗಿರಿಯಲ್ಲಿ ಸಮಿತಿಯವರಿಗೆ ಹೇಳಿ ಬಂದದ್ದು ಎಂದರು.

ಈ ವರ್ಷ ಹತ್ತಿ ಹೂ ಬಿಡುವ ಹೊತ್ತಿಗೆ ಅತ್ತೆ ಹೋದರು. ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದವರು ಕೂತರು, ಅಷ್ಟೇ. ಅವರ ಎಲೆ ಅಡಿಕೆಯ ಚೀಲ ಗೂಟಕ್ಕೆ ತೂಗುತ್ತಿದೆ. ಕೀಲಿ ನಮ್ಮನೆಯವರ ಹತ್ತಿರ ಇದೆ, ಕೆಲವೊಮ್ಮೆ ಡ್ರೈವರನ ಹತ್ತಿರ, ಕೆಲವೊಮ್ಮೆ ಗಾಡಿಯಲ್ಲೇ.

ಮೊನ್ನೆ ಅರಿವೆ ಕಟ್ಟಿದ್ದ ಆ ಹೆಣ್ಣುಮಗಳ ಫೋನು ಬಂತು. ದೀಪಾವಳಿ ಆದ ಮೇಲೆ ಬರುತ್ತೇವೆ ಎಂದು ಹೇಳಲು. ಅತ್ತೆಯ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಸ್ವಲ್ಪ ಹೊತ್ತು ಅತ್ತಳು, ನನಗೂ ಅಳು ಬಂತು. ಮತ್ತೆ ಬಸಿರಾಗಿ, ಹಡೆದು, ಮೂರು ತಿಂಗಳ ಗಂಡುಕೂಸು ಈಗ ಅವಳ ಕಂಕುಳಲ್ಲಿದೆಯಂತೆ. ಅದು ಕೂಗುವುದು ಫೋನಿನಲ್ಲಿ ಕೇಳುತ್ತಿತ್ತು.

"ಕಾಯ್ದೆ ಬಂತೇನ್ರಿ ಅಕ್ಕಾರ?" ಎಂದು ಕೇಳಿದಳು.

ಇಲ್ಲ ಎಂದೆ. ಕುರ್ಚಿ ಹಾಕಿಕೊಂಡು ನಾನು ಕೂಡುತ್ತೇನೆ, ಕೀಲಿ ನಾನೇ ಇಟ್ಟುಕೊಳ್ಳುತ್ತೇನೆ, ನೀನೇನೂ ಹೆದರಬೇಡ ಎಂದೆ. ಹೇಳುವಾಗಲೇ ನನಗೆ ಯಾದಗಿರಿಯ ಆ ಸಭೆ, ಕುರ್ಚಿಯ ಬೆನ್ನು ಹಿಡಿದ ಅತ್ತೆಯ ಕೈ ಕಣ್ಣ ಮುಂದೆ ಬಂತು. ನಾನೂ ಮತ್ತೆ ನನ್ನ ಒಳ್ಳೆಯತನವನ್ನೇ ಕೊಡುತ್ತಿದ್ದೆ. ಅವಳಿಗೂ ಅದು ಹೊಳೆದಿರಬೇಕು. ಕೂಸಿನ ಅಳು ನಿಂತಿತು, ಮೊಲೆಗೆ ಹಚ್ಚಿಕೊಂಡಳೇನೋ.

"ಆಗ್ಲಿ ತಗೋರಿ ಅಕ್ಕಾರ" ಎಂದಳು. "ಅರಿವಿನೂ ತರ್ತೀನಿ."